ನಾನ್ನೂರ ಹದಿಮೂರನೇ ಸ್ಟಾರ್ಟ್

"ಒಂದು ಗಂಟೆ ಹಾರಿದರೆ ಹತ್ತು ಹಾಸಿಗೆ," ಎನ್ನುತ್ತಾ ಯಜಮಾನರು ಬೆರಳು ಮಡಿಚತೊಡಗಿದರು. "ಡಬಲ್ ಹಾಸಿಗೆ ಮೇಡಂ, ಸಿಂಗಲ್ ಅಲ್ಲ. ಇಂಧನಕ್ಕೆ ನಾಲ್ಕು. ಮುಂದಿನ ರಿಪೇರಿಗೆ ಅಂತ ಎತ್ತಿಡೋದು ನಾಲ್ಕು. ಹಾರೋದು ಕಲಿಸೋ ಮೇಷ್ಟ್ರಿಗೆ ಒಂದು, ಈ ಶೆಡ್ಡಿನ ಬಾಡಿಗೆಗೆ ಒಂದು. ಯಂತ್ರ ಕೊಂಡದ್ದು ಹನ್ನೊಂದು ಸಾವಿರ ಹಾಸಿಗೆಗೆ. ಈಗ ಎಂಜಿನ್ ಬಿಚ್ಚಿ ಒಳಗಿನ ಚಕ್ರ ಬದಲಾಯಿಸೋಕೆ ಎರಡು ಸಾವಿರ. ಸುಟ್ಟದ್ದು ಎಷ್ಟು ಹೊತ್ತಲ್ಲಿ? ಕೆಲವೇ ಸೆಕೆಂಡು! ಕೆಲವೇ ಸೆಕೆಂಡಿಗೆ ಎರಡು ಸಾವಿರ ಹಾಸಿಗೆ!"

"ಹಾಸಿಗೆ ಲೆಕ್ಕದಲ್ಲಿ ವರದಿ ಬರೆದರೆ ನಮ್ಮ ಆಫೀಸಿನಲ್ಲಿ ನನ್ನನ್ನೇ ಮಲಗಿಸಿಬಿಡ್ತಾರೆ ಸಾರ್," ಎಂದಳು ಸರ್ವೇಯರಮ್ಮ.

ಯಜಮಾನರು ನಗಲಿಲ್ಲ. ಹಾಸಿಗೆಗೆ ಹತ್ತಿ ತುಂಬುತ್ತಾ ಬೆಳೆದು, ಹಾಸಿಗೆ ಕಾರ್ಖಾನೆ ಕಟ್ಟಿ, ಐವತ್ತು ದಾಟಿದ ಮೇಲೆ ಐದು ಸೀಟಿನ ಟರ್ಬೈನ್ ಹೆಲಿಕಾಪ್ಟರ್ ಕೊಂಡ ಮನುಷ್ಯ, ಯಾವ ಬೆಲೆಯನ್ನೂ ಹಾಸಿಗೆಯಲ್ಲೇ ಎಣಿಸುವವರು. ಅದರಲ್ಲೇ ತಾನೂ ಹಾರಲು ಕಲಿಯುತ್ತಿದ್ದರು, ಹೆಂಡತಿಯೂ ಕಲಿಯುತ್ತಿದ್ದಳು. ಉಳಿದ ದಿನಗಳಲ್ಲಿ ಯಂತ್ರವನ್ನು ಇದೇ ಶೆಡ್ಡಿನ ತರಬೇತಿ ಶಾಲೆಗೆ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಬಿಡುತ್ತಿದ್ದರು. ಬುಧವಾರ ಬೆಳಿಗ್ಗೆ ಮೆಕ್ಯಾನಿಕ್ ತಪಾಸಣೆಗೆ ಬಂದಾಗ ಎಂಜಿನ್ನು ಒಳಗೇ ಬೆಂದುಹೋಗಿತ್ತು. ಇಂದು ಗುರುವಾರ.

"ಸೋಮವಾರ ಸಂಜೆ ಕೊನೆಗೆ ಹಾರಿಸಿದ್ದು ಯಾರು? ಇವಳು. ಒಬ್ಬಳೇ," ಯಜಮಾನರು ಬಾಗಿಲ ಕಡೆ ಕೈ ತೋರಿಸಿದರು. "ಆಮೇಲೆ ಮಂಗಳವಾರ ರಜೆ. ಬುಧವಾರ ನೋಡಿದರೆ ಈ ಗತಿ. ನಾಳೆಯ ಲೈಸೆನ್ಸ್ ಪರೀಕ್ಷೆ ನನ್ನ ಹೆಸರಲ್ಲಿತ್ತು, ಅದನ್ನೇ ಇವಳಿಗೆ ಬಿಟ್ಟುಕೊಟ್ಟೆ. ಅದಕ್ಕೆ ಇದು ಬಹುಮಾನ!"

"ನಾನು ಸುಟ್ಟಿಲ್ಲ ರೀ," ಎಂದಳು ಯಜಮಾನಿ. ಅದೇ ಮಾತು, ಬೆಳಗಿನಿಂದ ನಾಲ್ಕನೆಯ ಸಲ.

ಆಕೆ ಬಾಗಿಲಿಗೆ ಒರಗಿ ನಿಂತಿದ್ದಳು. ಕುಳ್ಳಗಿನ ಮೈಕಟ್ಟು, ಹೆಗಲಿಗೆ ಚೀಲ, ಚೀಲದಲ್ಲಿ ಸೀಟಿನ ಮೇಲೆ ಹಾಕಿಕೊಳ್ಳುವ ಚಿಕ್ಕ ದಿಂಬು. ಹನ್ನೆರಡು ಗಂಟೆಯ ತರಬೇತಿಗೇ ಒಬ್ಬಳೇ ಹಾರಿದವಳು. ಗಂಡನಿಗೆ ಮೂವತ್ತು ಗಂಟೆಯಾಗಿದ್ದರೂ ಪಕ್ಕದಲ್ಲಿ ಮೇಷ್ಟ್ರು ಕೂತೇ ಇರಬೇಕು. ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಯಜಮಾನರ ಮುಂದೆ ಮಾತ್ರ ಯಾರೂ ಆಡುತ್ತಿರಲಿಲ್ಲ.

ಸರ್ವೇಯರಮ್ಮನ ಕೆಲಸ ವಿಮಾ ಕಂಪನಿಯದು. ಯಾರದೋ ಎಡವಟ್ಟಿನಿಂದ ಕೆಟ್ಟಿದ್ದರೆ ಕಂಪನಿ ದುಡ್ಡು ಕೊಡುತ್ತದೆ. ಬೇಕೆಂದೇ ಕೆಡಿಸಿದ್ದರೆ ಬಿಡಿಗಾಸೂ ಇಲ್ಲ. ಆದರೆ ಇವತ್ತು ದುಡ್ಡಿಗಿಂತ ಅವಸರದ ವಿಷಯ ಬೇರೆಯಿತ್ತು. ಲೈಸೆನ್ಸಿನ ಪರೀಕ್ಷಕರು ಇಲ್ಲಿಗೆ ಬರುವುದು ಆರು ತಿಂಗಳಿಗೊಮ್ಮೆ. ನಾಳೆ ಬರುತ್ತಾರೆ, ಒಬ್ಬರನ್ನು ಮಾತ್ರ ಪರೀಕ್ಷಿಸುತ್ತಾರೆ. ಅದಕ್ಕಾಗಿ ಬೇರೆ ಕಡೆಯಿಂದ ಇಂಥದೇ ಯಂತ್ರ ಬಾಡಿಗೆಗೆ ಬರುತ್ತಿತ್ತು. ಬಾಡಿಗೆ ಕೊಡುವವರದು ಒಂದೇ ಶರತ್ತು: ಎಂಜಿನ್ ಸುಟ್ಟ ಆರೋಪ ಯಾರ ತಲೆಯ ಮೇಲಿದೆಯೋ ಅವರ ಕೈ ನಮ್ಮ ಯಂತ್ರಕ್ಕೆ ತಾಗಕೂಡದು. ಆರೋಪ ಇಲ್ಲವೆಂದು ವಿಮಾ ಕಂಪನಿಯವರ ಸಹಿಯುಳ್ಳ ಕಾಗದ ಸಂಜೆ ಐದರೊಳಗೆ ತಲುಪಬೇಕು.

ಗೋಡೆಯ ಗಡಿಯಾರದಲ್ಲಿ ಹನ್ನೆರಡೂವರೆ.

* * *

ಮೆಕ್ಯಾನಿಕ್‌ನನ್ನು ಎಲ್ಲರೂ ಸ್ಪ್ಯಾನರಣ್ಣ ಎಂದೇ ಕರೆಯುತ್ತಿದ್ದರು. ಅವನ ಜೇಬಿನಲ್ಲಿ ಪೆನ್ನು ಇರದೆ ಇದ್ದೀತು, ಹತ್ತರ ನಂಬರಿನ ಸ್ಪ್ಯಾನರ್ ಇರಲೇಬೇಕು.

"ಅಕ್ಕಾ, ಈ ಹಾರಿದ ಗಂಟೆ ತೋರಿಸೋ ಮೀಟರು ಇದೆಯಲ್ಲ, ಅದು ನೆಲ ಬಿಟ್ಟ ಮೇಲೆ ಮಾತ್ರ ಓಡುತ್ತೆ. ಬಾಡಿಗೆ ಲೆಕ್ಕ ಎಲ್ಲ ಇದರ ಮೇಲೇ. ಸೋಮವಾರ ಸಂಜೆ ಎಷ್ಟಿತ್ತೋ ಬುಧವಾರವೂ ಅಷ್ಟೇ ಇತ್ತು. ಅದಕ್ಕೇ ಎಲ್ಲರೂ ಯಜಮಾನಿ ಅಮ್ಮನ ಮೇಲೆ ಬಿದ್ದಿದ್ದಾರೆ."

"ನೀನು?"

"ನಾನು ಬಿದ್ದಿಲ್ಲ. ಆದರೆ ಯಾರೂ ನನ್ನ ಕೇಳಿಯೂ ಇಲ್ಲ."

"ನಾನು ಕೇಳ್ತಿದ್ದೀನಿ."

ಅವನು ಕೈ ಒರೆಸಿಕೊಂಡು, ಆಸನದ ಕೆಳಗಿನ ಪುಟ್ಟ ಡಬ್ಬಿಯೊಂದಕ್ಕೆ ತಂತಿ ಸಿಕ್ಕಿಸಿ, ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ. "ಟರ್ಬೈನ್‌ಗೆ ಗಂಟೆ ಒಂದೇ ಮುಖ್ಯ ಅಲ್ಲ. ಎಷ್ಟು ಸಲ ಸ್ಟಾರ್ಟ್ ಮಾಡಿದೀವಿ ಅನ್ನೋದೂ ಎಣಿಸಬೇಕು. ಪ್ರತಿ ಸಲ ಬಿಸಿಯಾಗಿ ತಣ್ಣಗಾದರೆ ಆಯಸ್ಸು ಸವೆದ ಹಾಗೆ. ಈ ಡಬ್ಬಿ ಅದನ್ನ ಎಣಿಸುತ್ತೆ. ತಾರೀಕು ಬರೆಯೋದಿಲ್ಲ, ಸಂಖ್ಯೆ ಬರೆಯುತ್ತೆ, ಎಷ್ಟು ಕಾವು ಏರಿತು ಅಂತ ಬರೆಯುತ್ತೆ. ನೋಡಿ. ನಾನ್ನೂರ ಹದಿಮೂರು."

"ಲಾಗ್ ಪುಸ್ತಕದಲ್ಲಿ?"

"ನಾನ್ನೂರ ಹನ್ನೆರಡು."

"ಯಜಮಾನಿ ಒಂದನ್ನ ಬರೆಯದೆ ಬಿಟ್ಟಿರಬಹುದಲ್ಲ?"

ಸ್ಪ್ಯಾನರಣ್ಣ ಗೋಡೆಯ ಕಡೆ ಕೈ ತೋರಿಸಿದ. ಅಲ್ಲಿ ಒಂದು ಹಳೆಯ ಸ್ಲೇಟು ತೂಗುತ್ತಿತ್ತು. ಪ್ರತಿ ಸಂಜೆ ಶೆಡ್ಡಿಗೆ ಬೀಗ ಹಾಕುವ ಮುಂಚೆ ಡಬ್ಬಿಯ ಸಂಖ್ಯೆ ನೋಡಿ ಬಳಪದಲ್ಲಿ ಬರೆದಿಡುವುದು ಅವನ ಸ್ವಂತ ರೂಢಿ. ಯಾವ ನಿಯಮವೂ ಅದನ್ನು ಕೇಳಿರಲಿಲ್ಲ. ಸೋಮವಾರ ಸಂಜೆ ಆರಕ್ಕೆ, ಯಜಮಾನಿ ಇಳಿದು ಹೋದ ಮೇಲೆ, ಬರೆದದ್ದು ನಾನ್ನೂರ ಹನ್ನೆರಡು.

ಹಾಗಾದರೆ ಸೋಮವಾರ ಆರರಿಂದ ಬುಧವಾರ ಬೆಳಗಿನೊಳಗೆ ಯಾರೋ ಬಂದು ಎಂಜಿನ್ ಚಾಲೂ ಮಾಡಿದ್ದಾರೆ. ಹಾರಿಲ್ಲ. ನೆಲದ ಮೇಲೇ ಸುಟ್ಟು, ಮುಚ್ಚಿ, ಹೋಗಿದ್ದಾರೆ. ಮೀಟರು ಕದಲಿಲ್ಲವಲ್ಲ, ಬಚಾವಾದೆ ಅಂದುಕೊಂಡಿದ್ದಾರೆ.

"ಶೆಡ್ಡಿನ ಕೀಲಿ ಯಾರ ಹತ್ತಿರ ಇದೆ?"

"ನಾನು, ಮೇಷ್ಟ್ರು, ಯಜಮಾನರ ಮನೆ. ಅಷ್ಟೇ."

ಸರ್ವೇಯರಮ್ಮ ಯಂತ್ರವನ್ನು ಒಂದು ಸುತ್ತು ಹಾಕಿದಳು. ನಿಲ್ಲಿಸಿದ ಹೆಲಿಕಾಪ್ಟರಿನ ತೂತುಗಳಿಗೆಲ್ಲ ಕೆಂಪು ಟೋಪಿ ತೊಡಿಸಿ, ಮರೆಯದಿರಲೆಂದು ಉದ್ದನೆಯ ಕೆಂಪು ಪಟ್ಟಿ ನೇತುಬಿಟ್ಟಿದ್ದರು. ಗಾಳಿ ಎಳೆಯುವ ಬಾಯಿಗೆ ಒಂದು, ಹೊಗೆಯ ಕೊಳವೆಗೆ ಒಂದು, ಮೂಗಿನ ತುದಿಯ ಸಣ್ಣ ಕೊಳವೆಗೆ ಒಂದು. ಎರಡು ಪಟ್ಟಿ ಬಿಸಿಲಿಗೆ ಬೆಳ್ಳಗಾಗಿ ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ಮೂಗಿನದು ಮಾತ್ರ ಮದುವೆ ಹೆಣ್ಣಿನ ಕುಂಕುಮದ ಹಾಗೆ ಕೆಂಪಗಿತ್ತು. ಹೊಸದು ಹಾಕಿರಬೇಕು ಅಂದುಕೊಂಡು ಮುಂದೆ ಹೋದಳು.

ಡಬ್ಬಿಯಲ್ಲಿ ಇನ್ನೊಂದು ಗೆರೆಯಿತ್ತು. ಅದೇ ಅವಳ ಕಣ್ಣು ಹಿಡಿದದ್ದು. ಕಾವು ಮೇಲೇರಿದೆ, ಏರಿದ ಕೂಡಲೇ ಇಂಧನ ಮುಚ್ಚಿದ್ದಾರೆ. ಆದರೆ ಕಾವು ಇಳಿದಿಲ್ಲ. ಹನ್ನೆರಡು ಸೆಕೆಂಡು ಅಲ್ಲೇ ಕೂತಿದೆ.

"ಇಂಧನ ನಿಂತ ಮೇಲೂ ಯಾಕೆ ಬೇಯ್ತು?"

"ಗಾಳಿ ಇರಲಿಲ್ಲ ಅಕ್ಕಾ. ಸ್ಟಾರ್ಟರ್ ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಚಕ್ರ ತಿರುಗಿ ತಣ್ಣನೆ ಗಾಳಿ ಎಳೀತಿರುತ್ತೆ, ಅದನ್ನ ಬಿಟ್ಟುಬಿಟ್ಟಿದ್ದಾರೆ."

* * *

ಬ್ಯಾಟರಿಯ ತಂತಿ ಕಳಚಿ, ಸತ್ತ ಯಂತ್ರದಲ್ಲಿ ಯಜಮಾನರು, ಯಜಮಾನಿ, ಮೇಷ್ಟ್ರು ಈ ಮೂವರನ್ನೂ ಒಬ್ಬೊಬ್ಬರಾಗಿ ಕೂರಿಸಿದಳು. ಸ್ಟಾರ್ಟ್ ಮಾಡುವ ಹಾಗೆ ನಟಿಸಬೇಕು. ಮಧ್ಯದಲ್ಲಿ ಅವಳು "ಬಿಸಿ!" ಎಂದು ಕೂಗುತ್ತಾಳೆ. ಆಗ ಏನು ಮಾಡುತ್ತೀರೋ ಮಾಡಿ ತೋರಿಸಿ.

ಯಜಮಾನರು ಗೊಣಗುತ್ತಲೇ ಹತ್ತಿದರು. ಪಾಠ ಒಪ್ಪಿಸುವ ಮಗುವಿನ ಹಾಗೆ ಬಾಯಿಬಿಟ್ಟು ಹೇಳಿಕೊಂಡು, "ಗುಂಡಿ ಒತ್ತಿದೆ, ಚಕ್ರ ತಿರುಗ್ತಿದೆ, ಈಗ ಇಂಧನ ಬಿಡೋ ಥ್ರಾಟಲ್..."

"ಬಿಸಿ!"

"ಅಯ್ಯೋ! ಥ್ರಾಟಲ್ ಮುಚ್ಚಿದೆ. ಗುಂಡಿ ಬಿಡಬಾರದು, ಬಿಡಬಾರದು, ಗಾಳಿ ಬೀಸ್ಲಿ, ತಣ್ಣಗಾಗ್ಲಿ. ಎಷ್ಟು ಹೊತ್ತು ಒತ್ತಿರಬೇಕು ಮೇಡಂ, ಬೆರಳು ನೋಯ್ತಿದೆ."

"ಸಾಕು, ಇಳೀರಿ."

ಯಜಮಾನಿ ದಿಂಬು ಹಾಕಿ ಕೂತಳು. "ಬಿಸಿ" ಎಂಬ ಮಾತು ಪೂರ್ತಿ ಬಾಯಿಂದ ಬೀಳುವ ಮೊದಲೇ ಥ್ರಾಟಲ್ ಮುಚ್ಚಿತ್ತು. ಹೆಬ್ಬೆರಳು ಗುಂಡಿಯ ಮೇಲೆ ಅಲುಗಾಡದೆ ಕೂತಿತ್ತು. ನೋಡುತ್ತಿದ್ದ ಯಜಮಾನರು ಮುಖ ಬೇರೆ ಕಡೆ ತಿರುಗಿಸಿದರು. ಸ್ವಂತ ಹೆಂಡತಿಯ ಕೈ ಅಷ್ಟು ಚೆನ್ನಾಗಿ ಓಡುವುದನ್ನು ನೋಡಲು ಎಲ್ಲ ಗಂಡಂದಿರಿಗೂ ಆಗುವುದಿಲ್ಲ.

ಕೊನೆಗೆ ಮೇಷ್ಟ್ರು. ಮೂವತ್ತೊಂದು ವರ್ಷದಿಂದ ಹೆಲಿಕಾಪ್ಟರ್ ಕಲಿಸುತ್ತಿರುವ ಮನುಷ್ಯ. ಹತ್ತುವಾಗ ಅವಳನ್ನು ನೋಡಿ ತುಟಿಯಂಚಿನಲ್ಲಿ ನಕ್ಕರು. "ಏನೇ ಎರಡನೇ ರ್‍ಯಾಂಕು, ನನಗೂ ಪರೀಕ್ಷೆಯಾ?"

"ಕೂತ್ಕೋ. ಎಲ್ಲರಿಗೂ ಒಂದೇ."

"ಬಿಸಿ!" ಎಂದಳು.

ಥ್ರಾಟಲ್ ಮುಚ್ಚಿತು. ಹೆಬ್ಬೆರಳು ಮೇಲೆದ್ದಿತು.

ಮೇಷ್ಟ್ರಿಗೆ ಗೊತ್ತೇ ಆಗಲಿಲ್ಲ. ಸರ್ವೇಯರಮ್ಮನ ಎದೆಯೊಳಗೆ ಏನೋ ಜಿಗಿಯಿತು. ಜಿಗಿದದ್ದು ಖುಷಿ ಎಂದು ಅವಳಿಗೇ ಗೊತ್ತಾಗಿ ನಾಚಿಕೆಯಾಯಿತು. "ಸರಿಯಾಗಿ ಕಾಣಲಿಲ್ಲ. ಇನ್ನೊಂದ್ಸಲ," ಎಂದಳು.

ಇನ್ನೊಂದು ಸಲವೂ ಬೆರಳು ಮೇಲೆದ್ದಿತು.

* * *

ಪಾಠದ ಕೋಣೆಯಲ್ಲಿ ಬೆಂಚು, ಕರಿಹಲಗೆ, ಮೂಲೆಯಲ್ಲಿ ಕತ್ತರಿಸಿಟ್ಟ ಹಳೆಯ ಎಂಜಿನ್ನು. ಸರ್ವೇಯರಮ್ಮ ಬಾಗಿಲು ಹಾಕಿದಳು.

ಮೂವತ್ತೆರಡು ವರ್ಷದ ಹಿಂದೆ ಇಂಥದೇ ಒಂದು ಕೋಣೆಯಲ್ಲಿ ಇಬ್ಬರೂ ಪಕ್ಕಪಕ್ಕ ಕೂತು ಪರೀಕ್ಷೆ ಬರೆದಿದ್ದರು. ಹಾರಾಟದ ತರಬೇತಿಗೆ ಇದ್ದದ್ದು ಒಂದೇ ಸೀಟು. ಎರಡು ಅಂಕ ಹೆಚ್ಚು ಬಂದು ಆ ಸೀಟು ಅವನಿಗೆ ಹೋಯಿತು. ಅವಳು ಎಂಜಿನ್ ಬಿಚ್ಚುವುದನ್ನು ಕಲಿತಳು, ಆಮೇಲೆ ವಿಮಾ ಕಂಪನಿ ಸೇರಿದಳು. ಮದುವೆ, ಮಕ್ಕಳು, ಬಡ್ತಿ ಎಲ್ಲ ಆಯಿತು. ಆದರೂ ತಲೆಯ ಮೇಲೆ ಹೆಲಿಕಾಪ್ಟರ್ ಸದ್ದಾದಾಗಲೆಲ್ಲ ಆ ಎರಡು ಅಂಕ ಗಂಟಲಿಗೆ ಸಿಕ್ಕಿದ ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

"ಮಂಗಳವಾರ ಎಷ್ಟೊತ್ತಿಗೆ ಬಂದೆ?" ಎಂದು ಕೇಳಿದಳು.

"ಯಾರು ಹೇಳಿದ್ರು ನಾನು ಬಂದೆ ಅಂತ?"

"ನಿನ್ನ ಹೆಬ್ಬೆರಳು."

ಮೇಷ್ಟ್ರು ತಮ್ಮ ಕೈ ನೋಡಿಕೊಂಡರು.

"ಎರಡು ಸಲ ಎತ್ತಿದೆ. ಟರ್ಬೈನ್‌ನಲ್ಲಿ ಬಿಸಿಯಾದ್ರೆ ಗುಂಡಿ ಬಿಡಬಾರದು ಅಂತ ಪಾಠ ಮಾಡೋನು ನೀನೇ. ಯಜಮಾನರಂಥ ಯಜಮಾನರಿಗೇ ಬಾಯಿಪಾಠ ಮಾಡಿಸಿದೀಯ. ಆದರೆ ನಿನ್ನ ಕೈ ಇಪ್ಪತ್ತೆಂಟು ವರ್ಷ ಹಾರಿಸಿದ್ದು ಹಳೇ ಪಿಸ್ಟನ್ ಯಂತ್ರ. ಅದರಲ್ಲಿ ಎಡವಟ್ಟಾದರೆ ಮೊದಲು ಗುಂಡಿ ಬಿಡೋದು. ಬಾಯಿ ಹೊಸದು ಕಲೀತು, ಕೈ ಕಲೀಲಿಲ್ಲ."

"ಬೆರಳು ನೋಡಿ ಕಳ್ಳನ್ನ ಹಿಡೀತೀಯಾ?" ಮೇಷ್ಟ್ರು ನಗಲು ನೋಡಿದರು. "ನಿನಗೆ ನಾನೇ ಆಗ್ಬೇಕು ಅಂತ ಆಸೆ ಕಣೇ. ಮೂವತ್ತೆರಡು ವರ್ಷದಿಂದ ಕಾಯ್ತಿದ್ದೀಯ."

"ಹೌದು, ಕಾಯ್ತಿದ್ದೆ," ಎಂದಳು ಸರ್ವೇಯರಮ್ಮ. "ಅದಕ್ಕೇ ನಿನ್ನನ್ನ ಎರಡು ಸಲ ಮಾಡಿಸಿದ್ದು. ಉಳಿದವರನ್ನ ಒಂದೇ ಸಲ. ನನ್ನ ಹೊಟ್ಟೆಕಿಚ್ಚಿನ ಮೇಲೆ ನನಗೆ ನಂಬಿಕೆ ಇಲ್ಲ. ಈಗ ಹೇಳು, ಎಷ್ಟೊತ್ತಿಗೆ ಬಂದೆ?"

ಮೇಷ್ಟ್ರ ನಗು ಆರಿತು. ಮೇಜಿನ ಮೇಲಿದ್ದ ಸೀಮೆಸುಣ್ಣ ಕೈಗೆತ್ತಿಕೊಂಡು ಅತ್ತಿಂದಿತ್ತ ಹೊರಳಿಸಿದರು.

"ಒಂದು ಗಂಟೆಗೆ. ಮಧ್ಯಾಹ್ನ."

"ಯಾಕೆ?"

"ಶನಿವಾರ ಯಜಮಾನಿ ಜೊತೆ ಕೂತಿದ್ದೆ. ಸ್ಟಾರ್ಟ್ ಮಾಡಿ ತೋರಿಸ್ತಿದ್ದೆ. ನಾನು, ತೋರಿಸ್ತಿದ್ದೆ! ಕಾವು ಏರ್ತಾ ಹೋಯ್ತು. ನನ್ನ ಕೈ ಹೋಗೋಕೆ ಮುಂಚೆ ಅವಳ ಕೈ ಹೋಗಿ ಥ್ರಾಟಲ್ ಮುಚ್ಚಿತ್ತು. 'ಸಾರಿ ಸಾರ್, ನೀವೇ ಮುಚ್ಚೋರಿದ್ರಿ' ಅಂದ್ಲು. ಬೈದಿದ್ರೆ ಚೆನ್ನಾಗಿತ್ತು. ಮರ್ಯಾದೆ ಉಳಿಸಿದ್ಲು ನೋಡು, ಅದೇ ಸಹಿಸೋಕಾಗ್ಲಿಲ್ಲ."

"ಹದಿನಾಲ್ಕು ಗಂಟೆ ಕಲಿತವಳು."

"ಹದಿನಾಲ್ಕು! ನನ್ನದು ಒಂಬತ್ತು ಸಾವಿರ ಗಂಟೆ. ಇನ್ನೂರ ಎಂಟು ಶಿಷ್ಯರು. ಯಾರದೋ ಯಂತ್ರ, ಯಾರದೋ ದುಡ್ಡು, ನನ್ನದು ಅಂತ ಒಂದು ರೆಕ್ಕೆಯೂ ಇಲ್ಲ. ಹಾಸಿಗೆ ಮಾರಿ ಬಂದೋನು ಯಂತ್ರ ಕೊಂಡ, ಅವನ ಹೆಂಡತಿ ಹುಟ್ಟುತ್ತಲೇ ಕಲಿತು ಬಂದೋಳ ಹಾಗೆ ಹಾರ್ತಾಳೆ. ನಾನು ಟರ್ಬೈನ್‌ನ ಐದು ದಿನದ ಕೋರ್ಸಿನಲ್ಲಿ ಕಲಿತು ಬಂದೆ, ಮೂರು ವರ್ಷದ ಹಿಂದೆ. ಯಾರೂ ಇಲ್ಲದಾಗ ಹತ್ತು ಸಲ ಸ್ಟಾರ್ಟ್ ಮಾಡಿ ಕೈ ಪಳಗಿಸ್ಕೊಳ್ಳೋಣ ಅಂತ ಬಂದೆ. ಮೊದಲನೇ ಸಲವೇ..." ಸೀಮೆಸುಣ್ಣ ಎರಡು ತುಂಡಾಯಿತು.

"ಬುಧವಾರ ಆ ಹೆಣ್ಣುಮಗಳ ಮೇಲೆ ಎಲ್ಲರೂ ಹರಿಹಾಯ್ದಾಗ ಸುಮ್ಮನೆ ನಿಂತಿದ್ದೆ."

"ಬಾಯಿ ಬರಲಿಲ್ಲ."

"ಹೊಟ್ಟೆ ತಣ್ಣಗಾಯ್ತಾ?"

ಮೇಷ್ಟ್ರು ತಲೆ ಎತ್ತಿದರು. "ಅರ್ಧ ದಿನ ಆಯ್ತು. ಸುಳ್ಳು ಯಾಕೆ ಹೇಳ್ಲಿ. ಆಮೇಲೆ ಊಟ ಸೇರಲಿಲ್ಲ."

ಸರ್ವೇಯರಮ್ಮ ಹಾಳೆ ಮುಂದಿಟ್ಟಳು. ಮೇಷ್ಟ್ರು ಬರೆಯತೊಡಗಿದರು. ಬರೆಯುತ್ತಾ ಬರೆಯುತ್ತಾ ತಮಗೆ ತಾವೇ ಹೇಳಿಕೊಳ್ಳುವ ಹಾಗೆ ಅಂದರು: "ಬ್ಯಾಟರಿ ಸೋತಿತ್ತು. ಇಪ್ಪತ್ತನಾಲ್ಕು ವೋಲ್ಟ್ ತೋರಿಸೋ ಜಾಗದಲ್ಲಿ ಇಪ್ಪತ್ತೊಂದು. ಚಕ್ರ ನಿಧಾನವಾಗಿ ತಿರುಗ್ತಿತ್ತು, ಗಾಳಿ ಸಾಲಲಿಲ್ಲ. ಹೊರಗಿನ ಬ್ಯಾಟರಿ ಗಾಡಿ ತಂದು ಜೋಡಿಸ್ಬೇಕಿತ್ತು, ಸೋಮಾರಿತನ ಮಾಡಿದೆ. ಅವತ್ತು ಎಲ್ಲವೂ ಕೆಟ್ಟಿತ್ತು. ಮೂಗಿನ ಕೊಳವೆ ಟೋಪಿ ಕೂಡ ಅಂಟ್ಕೊಂಡು ಕಿತ್ತು ಬರಲಿಲ್ಲ. ಹಾರೋದಿಲ್ವಲ್ಲ ಅಂತ ಹಾಗೇ ಬಿಟ್ಟೆ."

ಬೇರೆ ದಿನವಾಗಿದ್ದರೆ ಬ್ಯಾಟರಿ ಮತ್ತು ಟೋಪಿಯ ಆ ಎರಡು ಮಾತಿಗೆ ಸರ್ವೇಯರಮ್ಮ ತಡೆದು ಪ್ರಶ್ನೆ ಕೇಳುತ್ತಿದ್ದಳು. ಇವತ್ತು ಅವಳ ಕಿವಿಯಲ್ಲಿ ಬೇರೆಯೇ ಸದ್ದಿತ್ತು. ಒಂದನೇ ರ್‍ಯಾಂಕು ಅವಳ ಮುಂದೆ ತಲೆತಗ್ಗಿಸಿ ತಪ್ಪೊಪ್ಪಿಗೆ ಬರೆಯುತ್ತಿತ್ತು. ಅವಳು ಸಹಿಯನ್ನು ಮಾತ್ರ ನೋಡಿದಳು, ಹಾಳೆ ಎತ್ತಿಕೊಂಡಳು, ಹೊರಗೆ ಬಂದಳು.

ಗಂಟೆ ಮೂರು.

* * *

ಬಾಡಿಗೆಯವರಿಗೆ ಕಾಗದವನ್ನು ನಿಂತಲ್ಲೇ ಬರೆದಳು. 'ಎಂಜಿನ್ ಹಾನಿಗೂ ಈ ಅಭ್ಯರ್ಥಿಗೂ ಯಾವ ಸಂಬಂಧವೂ ಇಲ್ಲ.' ಸಹಿ, ಮೊಹರು. ಯಜಮಾನಿಯ ಕೈಗೆ ಕೊಟ್ಟಳು.

ಯಜಮಾನಿ ಎರಡು ಸಲ ಓದಿದಳು. ಅವಳು ಅತ್ತುಬಿಡುತ್ತಾಳೆ, ಇಲ್ಲವೇ ತಬ್ಬಿಕೊಳ್ಳುತ್ತಾಳೆ ಎಂದು ಸರ್ವೇಯರಮ್ಮ ಎಣಿಸಿದ್ದಳು. ಎರಡೂ ಆಗಲಿಲ್ಲ.

"ಯಾರು ಅಕ್ಕಾ?"

"ಮೇಷ್ಟ್ರು. ಮಂಗಳವಾರ ಒಬ್ಬರೇ ಬಂದು ಅಭ್ಯಾಸ ಮಾಡೋಕೆ ಹೋಗಿ."

"ಮೇಷ್ಟ್ರಾ?" ಆಕೆಯ ಮುಖದಿಂದ ರಕ್ತ ಇಳಿದುಹೋಯಿತು. "ಮಂಗಳವಾರ ಯಾರೂ ಬರಲ್ವಲ್ಲ. ಮಂಗಳವಾರ ರಜೆ ಅಲ್ವಾ?"

"ರಜೆ ಅಂತಲೇ ಬಂದಿದ್ದು."

"ಪಾಪ," ಎಂದಳು ಯಜಮಾನಿ. ಮತ್ತೆ, "ಪಾಪ ಅವರು," ಎಂದು ಕಾಗದ ಮಡಿಚಿ ಚೀಲದಲ್ಲಿ ಹಾಕಿಕೊಂಡು, ಬಾಡಿಗೆಯವರಿಗೆ ಕಳಿಸಲು ಆಫೀಸಿನ ಕಡೆ ನಡೆದಳು. ಒಳ್ಳೆಯ ಮನಸ್ಸಿನವಳು, ತನ್ನ ಮೇಲೆ ಗೂಬೆ ಕೂರಿಸಿದವನಿಗೂ ಮರುಗುತ್ತಾಳೆ ಎಂದು ಸರ್ವೇಯರಮ್ಮ ಮೆಚ್ಚಿಕೊಂಡಳು.

ಶೆಡ್ಡಿನಲ್ಲಿ ಸ್ಪ್ಯಾನರಣ್ಣ ಬ್ಯಾಟರಿಯ ತಂತಿ ಮತ್ತೆ ಜೋಡಿಸುತ್ತಿದ್ದ. ವರದಿಗೆ ಒಂದು ಸಾಲು ಬೇಕಿತ್ತೆಂದು ಅವಳು ಕೇಳಿದಳು: "ಈ ಬ್ಯಾಟರಿ ಹಳೇದಾ? ಮಂಗಳವಾರ ಮಧ್ಯಾಹ್ನ ಇಪ್ಪತ್ತೊಂದು ತೋರಿಸ್ತಂತೆ, ಯಾಕೆ ಸೋತಿತ್ತು?"

ಅವನು ತಟ್ಟನೆ ತಿರುಗಿದ. "ಸೋತಿತ್ತಾ? ಯಾರು ಹೇಳಿದ್ದು? ಎರಡು ತಿಂಗಳ ಹೊಸಾ ಬ್ಯಾಟರಿ ಅಕ್ಕಾ! ಸೋಮವಾರ ನಾಲ್ಕಕ್ಕೆ ನಾನೇ ಅಳೆದೆ, ತುಂಬಿತ್ತು. ಆಮೇಲೆ ಹಾರಾಟದಲ್ಲೂ ಚಾರ್ಜ್ ಆಗಿರುತ್ತೆ. ಮಂಗಳವಾರ ಮಧ್ಯಾಹ್ನಕ್ಕೆ ಇಪ್ಪತ್ತೊಂದಕ್ಕೆ ಇಳಿಯೋಕೆ ಸಾಧ್ಯವೇ ಇಲ್ಲ. ಯಾರಾದ್ರೂ ಏನಾದ್ರೂ ಹಚ್ಚಿಟ್ಟಿದ್ರೆ ಮಾತ್ರ."

"ಏನು ಹಚ್ಚಿಡಬಹುದು? ದೀಪ ಹಚ್ಚಿದ್ರೆ ಕಾಣುತ್ತೆ."

"ಕಾಣದ್ದು ಒಂದಿದೆ." ಅವನು ಯಂತ್ರದ ಮೂಗಿನ ಕಡೆ ಕೈ ತೋರಿಸಿದ. "ಈ ಸಣ್ಣ ಕೊಳವೆ ಗಾಳಿಯ ವೇಗ ಅಳೆಯುತ್ತೆ. ಚಳೀಲಿ ಮಂಜು ಕಟ್ಟದೆ ಇರಲಿ ಅಂತ ಒಳಗೆ ಹೀಟರ್ ಇದೆ. ಹೀಟರ್ ಸ್ವಿಚ್ಚು ಒಂದು ಗಂಟೆ ಹಾಕಿಟ್ರೆ ಬ್ಯಾಟರಿ ಅರ್ಧ ಹೀರಿಬಿಡುತ್ತೆ. ಹೊರಗಿನಿಂದ ಯಾರಿಗೂ..." ಮಾತು ಅಲ್ಲಿಗೆ ನಿಂತಿತು. ಅವನೂ ಆ ಹೊಸ ಕೆಂಪು ಪಟ್ಟಿಯನ್ನೇ ನೋಡುತ್ತಿದ್ದ.

"ಸೋಮವಾರ ಸಂಜೆ ಟೋಪಿ ಹಾಕಿದ್ದು ಯಾರು?"

"ನಾನೇ. ಹಳೇದು. ಬಣ್ಣ ಹೋದದ್ದು. ಇದು ನಾನು ಹಾಕಿದ್ದಲ್ಲ."

ಹೀಟರ್ ಕಾವಿಗೆ ಟೋಪಿಯ ಒಳಪದರ ಕರಗಿ ಕೊಳವೆಗೆ ಅಂಟಿಕೊಂಡಿತ್ತು. ಅದಕ್ಕೇ ಮೇಷ್ಟ್ರಿಗೆ ಕಿತ್ತು ಬರಲಿಲ್ಲ. ಆಮೇಲೆ ಯಾರೋ ಅದನ್ನು ಕಿತ್ತು, ಹೊಸದು ತೊಡಿಸಿದ್ದಾರೆ. ಸರ್ವೇಯರಮ್ಮ ಟೋಪಿ ತೆಗೆದು ಕೊಳವೆಯ ಮೇಲೆ ಉಗುರಾಡಿಸಿದಳು. ಕಪ್ಪು ಪ್ಲಾಸ್ಟಿಕ್ಕಿನ ಸಣ್ಣ ಹೊಪ್ಪಳೆ ಎದ್ದು ಬಂತು.

"ಹೊಸ ಟೋಪಿ ಎಲ್ಲಿ ಸಿಗುತ್ತೆ?"

"ಅಂಗಡೀಲಿ ಸಿಗೋದಲ್ಲ ಅಕ್ಕಾ. ಯಂತ್ರದ ಜೊತೆ ಎರಡು ಸೆಟ್ ಬಂದಿತ್ತು. ಒಂದು ಇದು. ಇನ್ನೊಂದು ಯಜಮಾನರ ಮನೆ ಬೀರುವಿನಲ್ಲಿದೆ."

ಅವಳು ಟೋಪಿಯನ್ನು ಕೈಯಲ್ಲೇ ಹಿಡಿದುಕೊಂಡಳು. ಮೇಷ್ಟ್ರು ಗುಂಡಿ ಬಿಟ್ಟದ್ದು ನಿಜ. ಆದರೆ ಆ ಸ್ಟಾರ್ಟು ಕೆಡಲೆಂದು ಮೊದಲೇ ಯಾರೋ ಬ್ಯಾಟರಿ ಹೀರಿಟ್ಟಿದ್ದರು. ಬಲೆ ಹಾಕಿದ್ದು ಮೇಷ್ಟ್ರಿಗಲ್ಲ. ಅವರು ಬರುತ್ತಾರೆಂದು ಯಾರಿಗೂ ಗೊತ್ತಿರಲಿಲ್ಲ. ಮಂಗಳವಾರ ರಜೆ. ಮುಂದಿನ ಸ್ಟಾರ್ಟು ಬುಧವಾರ ಬೆಳಿಗ್ಗೆ ಏಳಕ್ಕೆ. ಸ್ಲೇಟಿನ ಪಕ್ಕದ ಪಾಳಿ ಹಲಗೆಯ ಮೇಲೆ ಬುಧವಾರ ಏಳರ ಮುಂದೆ ಬರೆದಿದ್ದದ್ದು 'ಯಜಮಾನಿ'.

ಹೆಂಡತಿಯ ಕೈ ನೋಡಲಾಗದೆ ಬೇರೆ ಕಡೆ ತಿರುಗಿದ ಯಜಮಾನರ ಮುಖ ಅವಳ ಕಣ್ಣ ಮುಂದೆ ಬಂತು.

* * *

ಯಜಮಾನರು ಶೆಡ್ಡಿನ ಹೊರಗೆ ನೀರಿನ ಡ್ರಮ್ಮಿನ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತಿದ್ದರು. ಮೇಷ್ಟ್ರ ವಿಷಯ ಅವರಿಗೂ ಮುಟ್ಟಿತ್ತು. ಮುಖ ಇಳಿದಿತ್ತು.

"ಸುಮ್ಮಸುಮ್ಮನೆ ಹೆಂಡತಿ ಮೇಲೆ ಕೂಗಾಡಿಬಿಟ್ಟೆ ಮೇಡಂ. ಈಗ ಮನೇಲಿ ಯಾವ ಮುಖ ಇಟ್ಕೊಂಡು ಕೂರಲಿ?"

ಸರ್ವೇಯರಮ್ಮ ನೇರ ವಿಷಯಕ್ಕೆ ಬಂದಳು. "ಸೋಮವಾರ ಸಂಜೆ ಆರರ ಮೇಲೆ ಶೆಡ್ಡಿಗೆ ಬಂದಿದ್ರಾ ಸಾರ್?"

"ನಾನ್ಯಾಕೆ ಬರಲಿ? ಕಾರ್ಖಾನೇಲಿ ಲೋಡಿಂಗ್ ಇತ್ತು. ಎಂಟರವರೆಗೆ ನಲವತ್ತು ಜನರ ಮಧ್ಯೆ ನಿಂತಿದ್ದೆ. ಬೇಕಾದ್ರೆ ಕೇಳಿ ನೋಡಿ."

"ಬುಧವಾರ ಏಳಕ್ಕೆ ನಿಮ್ಮ ಮನೆಯವರು ಸ್ಟಾರ್ಟ್ ಮಾಡಬೇಕಿತ್ತು. ಅದು ಕೆಟ್ಟು ಅವರ ಹೆಸರು ಹಾಳಾಗಲಿ ಅಂತ ಯಾರೋ ಬ್ಯಾಟರಿ ಖಾಲಿ ಮಾಡಿದ್ದಾರೆ."

ಯಜಮಾನರು ಬಾಳೆಹಣ್ಣು ಕೆಳಗಿಟ್ಟರು. ಗೊಂದಲದಿಂದ ಅವಳನ್ನೇ ನೋಡಿದರು. "ಅವಳದ್ದಲ್ಲ ಮೇಡಂ. ಬುಧವಾರ ಏಳು ನನ್ನ ಪಾಳಿ."

"ಹಲಗೆ ಮೇಲೆ ಅವರ ಹೆಸರಿದೆ."

"ಅದು ಬುಧವಾರ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಅವಳೇ ಅಳಿಸಿ ಬರೆದದ್ದು. ಸೋಮವಾರ ರಾತ್ರಿ ಊಟದವರೆಗೂ ಶುಕ್ರವಾರದ ಪರೀಕ್ಷೆಯೂ ನನ್ನದೇ, ಬುಧವಾರದ ಪಾಳಿಯೂ ನನ್ನದೇ. ಯಂತ್ರ ನನ್ನ ಹೆಸರಲ್ಲಿದೆಯಲ್ಲ, ನಾನೇ ಮೊದಲು ಪಾಸಾಗ್ಬೇಕು ಅಂತ ಹಟ ಹಿಡಿದಿದ್ದೆ. ಅವಳು ಹದಿನೈದು ದಿನ ಮುಖ ಕೊಟ್ಟು ಮಾತಾಡಿರಲಿಲ್ಲ." ಅವರು ನಾಚಿಕೊಂಡರು. "ಸೋಮವಾರ ಊಟಕ್ಕೆ ಕೂತಾಗ ನನಗೇ ಅನ್ನಿಸ್ತು, ಇದು ಸಣ್ಣತನ ಅಂತ. 'ಶುಕ್ರವಾರ ನೀನೇ ಹೋಗು, ನಿನ್ನ ಕೈ ನನಗಿಂತ ಚೆನ್ನಾಗಿದೆ' ಅಂದೆ. ಖುಷಿಪಡ್ತಾಳೆ ಅಂತಿದ್ದೆ. ತುತ್ತು ಕೈಯಲ್ಲೇ ಹಿಡಿದು ಸುಮ್ಮನೆ ಕೂತುಬಿಟ್ಲು. ಆಮೇಲೆ, 'ಹಾಗಾದ್ರೆ ಬುಧವಾರ ನೀವು ಹೋಗ್ಲೇಬೇಡಿ ರೀ, ಏಳಕ್ಕೆ ನಾನೇ ಹೋಗ್ತೀನಿ' ಅಂದ್ಲು. ಕೈ ಮುಗಿದು ಕೇಳ್ಕೊಂಡ್ಲು. ಅದಕ್ಕೂ ಹೂಂ ಅಂದೆ."

"ಸೋಮವಾರ ಸಂಜೆ ಅವರು ಮನೆಗೆ ಎಷ್ಟೊತ್ತಿಗೆ ಬಂದ್ರು?"

"ಲೇಟು. ಆರಕ್ಕೆ ಮುಗಿಸಿ ಹೊರಟವಳು ಕನ್ನಡಕ ಮರೆತೆ ಅಂತ ಮತ್ತೆ ಶೆಡ್ಡಿಗೆ ಹೋಗಿದ್ಲಂತೆ. ಯಾಕೆ ಮೇಡಂ?"

ಸರ್ವೇಯರಮ್ಮ ಆಫೀಸಿನ ಕಡೆ ತಿರುಗಿದಳು. ಯಜಮಾನಿಯ ಮೂಗಿನ ಮೇಲೆ ಅವಳು ಕನ್ನಡಕ ಕಂಡಿರಲಿಲ್ಲ. ಗಂಡನಿಗೆಂದು ಒಡ್ಡಿದ ಬಲೆಯನ್ನು ತಾನೇ ಬಿಚ್ಚಲು ಯಜಮಾನಿ ಬುಧವಾರದ ಪಾಳಿ ಬೇಡಿ ಪಡೆದಿದ್ದಳು, ಅಷ್ಟರಲ್ಲಿ ಮಂಗಳವಾರವೇ ಮೇಷ್ಟ್ರು ಅದರಲ್ಲಿ ಬಿದ್ದಿದ್ದರು.

ಆಫೀಸಿನ ಕಿಟಕಿಯಲ್ಲಿ ಯಜಮಾನಿ ನಿಂತಿದ್ದಳು. ಕೈಯಲ್ಲಿ ಕಾಗದ. ಬಾಡಿಗೆಯವರಿಗೆ ಅದರ ಪ್ರತಿ ಹೋಗಿ ಆಗಲೇ ಅರ್ಧ ಗಂಟೆಯಾಗಿತ್ತು, ಒಪ್ಪಿಗೆಯೂ ಬಂದಿತ್ತು. ಆಕೆ ಗಂಡನನ್ನು ನೋಡಿದಳು. ಗಂಡನ ಮುಂದೆ ನಿಂತ ಸರ್ವೇಯರಮ್ಮನನ್ನು ನೋಡಿದಳು. ಸರ್ವೇಯರಮ್ಮನ ಎಡಗೈಯಲ್ಲಿ ನೇತಾಡುತ್ತಿದ್ದ ಕೆಂಪು ಟೋಪಿಯನ್ನು ನೋಡಿದಳು. ನಿಧಾನವಾಗಿ ಕಿಟಕಿಯ ಪರದೆ ಎಳೆದುಕೊಂಡಳು.

ಆ ದಿನ ಯಜಮಾನಿಗೆ ಶುಕ್ರವಾರದ ಪರೀಕ್ಷೆ ಸಿಕ್ಕಿತು. ಮೇಷ್ಟ್ರು ಮೂವತ್ತೊಂದು ವರ್ಷದ ಹೆಸರು ಕಳೆದುಕೊಂಡರು. ಯಜಮಾನರಿಗೆ ಬರಬೇಕಿದ್ದ ಎರಡು ಸಾವಿರ ಹಾಸಿಗೆಯ ವಿಮೆ, ಸರ್ವೇಯರಮ್ಮ ಬಾಯಿಬಿಟ್ಟರೆ, ಇನ್ನು ಬರುವುದಿಲ್ಲ. ಸರ್ವೇಯರಮ್ಮನ ಕೈಯಲ್ಲಿ ಉಳಿದದ್ದು ಒಂದು ಟೋಪಿ. ಕೈಬಿಟ್ಟು ಹೋದದ್ದು ಅವಳದೇ ಸಹಿ.